ದೊಣಿಯ ಮಣ್ಣು

ನವನಗರ, ಬಾಗಲಕೋಟೆ
11 ಫೆಬ್ರುವರಿ 2024

ಪ್ರಿಯ ಗೀತಾಂಜಲಿ,

ನಿನ್ನ ಕಾಗದ ಬಂತು. ತಂಗಿ ತುಳಸೀಬಾಯಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಈ ಕಾಲದಲ್ಲೂ ಅಂಚೆ ಪೆಟ್ಟಿಗೆ ಹುಡುಕಿಕೊಂಡು ಹೋಗುವ ಹೆಣ್ಣುಮಗಳಿದ್ದಾಳಲ್ಲ ಎಂದು ತಲೆಯಾಡಿಸಿ ನನ್ನ ಕೈಗೆ ಕೊಟ್ಟಳು. ಕಿವಿ ಪೂರ್ತಿ ಹೋದ ಮೇಲೆ ಫೋನು ನನ್ನ ಪಾಲಿಗೆ ಬರೀ ನಡುಗುವ ಡಬ್ಬಿ. ಮೊಬೈಲಿನ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಮೂವತ್ತೊಂದು ವರ್ಷ ಬಾದಾಮಿಯ ಸಾಲೆಯಲ್ಲಿ ಎಷ್ಟೋ ಮಕ್ಕಳಿಗೆ ವಿಜ್ಞಾನ ಕಲಿಸಿದೆ. ಈಗ ನನ್ನ ಜೊತೆ ಮಾತಾಡುವವಳು ಕನ್ನಡ ಎಂ.ಎ. ಮಾಡಿದ ನೀನೊಬ್ಬಳೇ.

ನಿಮ್ಮ ಕಾಲೇಜಿನ ಸೇವಾ ಶಿಬಿರ ನಿನ್ನ ಸೋದರಮಾವ ದುರ್ಗಪ್ಪನ ಊರಿನಲ್ಲೇ ನಡೆಯಲಿದೆ ಎಂದು ಓದಿ ಹಿಗ್ಗಿದೆ. ಆ ಊರ ಹಿಂದಿನ ಗುಡ್ಡ ನಿನಗೆ ನೆನಪಿರಬೇಕು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನಿಮ್ಮನ್ನೆಲ್ಲ ಹತ್ತಿಸಿದ್ದೆ. ನೆತ್ತಿಯ ಬಂಡೆಯಲ್ಲಿ ಮಳೆನೀರು ನಿಲ್ಲುವ ಆ ತಗ್ಗು, ನಮ್ಮ ದೊಣಿ, ಅದರೊಳಗೆ ಬೆನ್ನಡಿಯಾಗಿ ಈಸುವ ಪುಟ್ಟ ಜೀವಗಳನ್ನು ನೋಡಿ ನೀನು ಊಟದ ಡಬ್ಬಿ ಬಿಚ್ಚುವುದನ್ನೂ ಮರೆತಿದ್ದೆ. ಸೀಗಡಿಯ ಜಾತಿಯವು. ಗುಡ್ಡದ ದೊಣಿಗಳಲ್ಲಿ ಮಳೆಗಾಲದ ಮೂರು ವಾರ ಮಾತ್ರ ಕಾಣುತ್ತವೆ. ನಾನು ಅವಕ್ಕೆ ಮಳೆಸೀಗಡಿ ಅನ್ನುತ್ತಿದ್ದೆ.

ಮೊಣಕಾಲು ಮುರಿದು ನಾಲ್ಕು ವರ್ಷವಾಯಿತು, ಅವುಗಳನ್ನು ನೋಡಿಯೂ ಅಷ್ಟೇ ಆಯಿತು. ಇನ್ನು ಆ ಗುಡ್ಡ ನನಗಿಲ್ಲ. ನಿನ್ನಲ್ಲಿ ಒಂದೇ ಕೇಳಿಕೆ: ನಿನ್ನ ಹುಡುಗರಿಗೆ ಹೇಳು, ದೊಣಿ ಹಸನ ಇಡಬೇಕು. ಅದೊಂದು ನಿನ್ನ ಜವಾಬ್ದಾರಿ.

ಆಶೀರ್ವಾದಗಳೊಂದಿಗೆ,
ವಿಠ್ಠಲ ಮಾಸ್ತರ


ಇಳಕಲ್ಲ
24 ಮಾರ್ಚ್ 2024

ಪೂಜ್ಯ ಮಾಸ್ತರರಿಗೆ ನಮಸ್ಕಾರ,

ಶಿಬಿರ ಮುಗಿಸಿ ಮೊನ್ನೆ ಬಂದೆ. ಏಳು ದಿನದ ಬಿಸಿಲಿಗೆ ಮುಖ ಸುಟ್ಟು ಕರ್ರಗಾಗಿದೆ, ಆದರೆ ಮನಸ್ಸು ಹಗುರ. ವಾಪಸು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ನಿಮಗೆಂದು ಕರದಂಟು ಕೊಂಡೆ. ಅಂಚೆಯಲ್ಲಿ ಹಾಕಲು ಬರುವುದಿಲ್ಲ, ನಾನೇ ತಂದುಕೊಡಬೇಕು. ತಂದುಕೊಡುವ ತನಕ ಉಳಿದರೆ.

ನೀವು ಹೇಳಿದ ಕೆಲಸ ಆಗಿದೆ, ಸರ್. ಏನು, ಹೇಗೆ ಎಂದು ಈಗ ಬರೆಯುವುದಿಲ್ಲ. ಮೊದಲ ಮಳೆ ಬೀಳಲಿ. ನೀರು ತುಂಬಿದ ದಿನ ಗುಡ್ಡ ಹತ್ತಿ ಒಂದು ಫೋಟೋ ತೆಗೆದು, ದೊಡ್ಡದಾಗಿ ಮುದ್ರಿಸಿ ನಿಮ್ಮ ಕೈಯಲ್ಲಿ ಇಡುತ್ತೇನೆ. ಇಷ್ಟು ಮಾತ್ರ ಹೇಳಬಲ್ಲೆ: ನಿಮ್ಮ ದೊಣಿಯನ್ನು ಅಷ್ಟು ಹಸನಾಗಿ ನೀವೂ ನೋಡಿರಲಿಕ್ಕಿಲ್ಲ.

ದುರ್ಗಪ್ಪಮಾಮಾ ನಿಮ್ಮನ್ನು ಕೇಳಿದ. ಮರೆವ್ವ ಅತ್ತಿ ಇನ್ನೂ ಆಡು ಮೇಯಿಸಿಕೊಂಡು ಗುಡ್ಡ ಹತ್ತುತ್ತಾಳೆ. ಹುಡುಗರು ಕೆಲಸ ಮಾಡುವುದನ್ನು ನೋಡುತ್ತ ನಿಂತವಳು, "ದೊಣಿ ಬಗದ್ರ ನೀರು ಕುರುಡ ಆಗತೈತೆವಾ" ಅಂದಳು. ನೀರು ಕುರುಡಾಗುವುದು! ಎಂಥ ಮಾತು ನೋಡಿ. ಅದನ್ನು ನನ್ನ ವಹಿಯಲ್ಲಿ ಬರೆದುಕೊಂಡಿದ್ದೇನೆ. ಎಂದಾದರೂ ಒಂದು ಪದ್ಯಕ್ಕೆ ಬಂದೀತು.

ನಿಮ್ಮ,
ಗೀತಾಂಜಲಿ


ನವನಗರ, ಬಾಗಲಕೋಟೆ
9 ಏಪ್ರಿಲ್ 2024

ಪ್ರಿಯ ಗೀತಾಂಜಲಿ,

ನಿನಗೆ ಒಂದು ಪಾಠ ಬಾಕಿ ಇದೆ. ಇಂದು ಅದನ್ನು ಮುಗಿಸುತ್ತೇನೆ.

ಅಂದು ಗುಡ್ಡದ ಮೇಲೆ, ಈ ಹುಳ ಎಲ್ಲಿಂದ ಬಂದವು ಎಂದು ನೀನೇ ಕೇಳಿದ್ದೆ. ಮಳೆಯ ಜೊತೆ ಬರುತ್ತವೆ ಅಂದಿದ್ದೆ. ಅದು ಸುಳ್ಳು. ಅವು ಎಲ್ಲಿಂದಲೂ ಬರುವುದಿಲ್ಲ. ಅಲ್ಲೇ ಇರುತ್ತವೆ.

ಬೇಸಿಗೆಯಲ್ಲಿ ದೊಣಿಯ ತಳದಲ್ಲಿ ಒಂದು ಗೇಣು ಒಣಮಣ್ಣು ಇರುತ್ತದಲ್ಲ, ಅದರಲ್ಲಿ ಅವುಗಳ ತತ್ತಿಗಳಿವೆ. ಧೂಳಿನ ಕಣಕ್ಕೂ ಅದಕ್ಕೂ ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗದು. ಬಂಡೆ ಅಂಗಾಲು ಸುಡುವಷ್ಟು ಕಾದರೂ, ವರ್ಷಗಟ್ಟಲೆ ನೀರಿನ ಹನಿ ಕಾಣದಿದ್ದರೂ ಅವು ಸಾಯುವುದಿಲ್ಲ. ಬದುಕಿನ ಎಲ್ಲ ಕೆಲಸ ನಿಲ್ಲಿಸಿ ಕೂತಿರುತ್ತವೆ. ನೀರು ತುಂಬಿದ ಎರಡನೆಯ ದಿನಕ್ಕೆ ಒಡೆಯುತ್ತವೆ. ಹತ್ತು ಹನ್ನೆರಡು ದಿನದಲ್ಲಿ ಬೆಳೆದು, ಹೆಣ್ಣು ಹೊಟ್ಟೆಯ ಕೆಳಗಿನ ಚೀಲದಿಂದ ತತ್ತಿ ಇಟ್ಟು, ದೊಣಿ ಬತ್ತುವುದರೊಳಗೆ ಎಲ್ಲ ಮುಗಿದಿರುತ್ತದೆ. ನೀರು ಬತ್ತುವುದೇ ಅವಕ್ಕೆ ಕಾವಲು. ಬತ್ತದ ನೀರಿನಲ್ಲಿ ಮೀನಿರುತ್ತದೆ, ಮೀನಿದ್ದಲ್ಲಿ ಇವು ಒಂದು ದಿನ ಬದುಕಲಾರವು.

ಇನ್ನೊಂದು ಸಂಗತಿ ಇದೆ. ಮೊದಲ ಮಳೆಗೆ ಎಲ್ಲ ತತ್ತಿಗಳೂ ಒಡೆಯುವುದಿಲ್ಲ. ಕೆಲವು ಆ ಮಳೆಯನ್ನು ನಂಬುವುದಿಲ್ಲ, ಎರಡನೆಯದಕ್ಕೆ ಕಾಯುತ್ತವೆ. ಕೆಲವು ಮುಂದಿನ ವರ್ಷಕ್ಕೆ, ಕೆಲವು ಇನ್ನೂ ಮುಂದಕ್ಕೆ. ಮಳೆ ಕೈಕೊಟ್ಟು ದೊಣಿ ಬೇಗ ಬತ್ತಿದರೂ ವಂಶ ಉಳಿಯುವುದು ಈ ಕಾದವುಗಳಿಂದ. ನೀವು ಕಂಡದ್ದು ಅವುಗಳ ಮೂರು ವಾರದ ಬಾಳು. ಉಳಿದ ಬಾಳೆಲ್ಲ ಮಣ್ಣಿನಲ್ಲಿ ನಡೆಯುತ್ತದೆ.

ಎರಡು ಚಮಚ ಧೂಳನ್ನು ಕಾಗದದಲ್ಲಿ ಕಟ್ಟಿ ಒಂಬತ್ತು ವರ್ಷ ಕಪಾಟಿನಲ್ಲಿ ಇಟ್ಟಿದ್ದೆ. ಆಮೇಲೆ ಪರಾತದಲ್ಲಿ ಮಳೆನೀರು ಹಿಡಿದು ಅಷ್ಟನ್ನೂ ಸುರಿದೆ. ಬಂದವು. ಒಂದು ಚಮಚ ಉಳಿಸಿಕೊಳ್ಳಬೇಕೆಂದು ಅಂದು ಹೊಳೆಯಲಿಲ್ಲ. ಗುಡ್ಡದ ಮೇಲೆ ಬೇಕಾದಷ್ಟಿತ್ತಲ್ಲ.

ಈಗ ಹೇಳು. ದೊಣಿ ಹೇಗಿದೆ?

ವಿಠ್ಠಲ ಮಾಸ್ತರ


ಇಳಕಲ್ಲ
2 ಮೇ 2024

ಪೂಜ್ಯ ಮಾಸ್ತರರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಪರೀಕ್ಷೆ, ಪೇಪರು ತಿದ್ದುವುದು, ಒಂದಾದ ಮೇಲೆ ಒಂದು. ಇಲ್ಲಿ ಬಿಸಿಲು ವಿಪರೀತ. ಓಣಿಯ ಮಗ್ಗಗಳು ಮಧ್ಯಾಹ್ನ ಎರಡು ತಾಸು ಸುಮ್ಮನಾಗುತ್ತವೆ. ಆ ಹೊತ್ತಿನಲ್ಲಿ ನಿಮ್ಮ ಕಾಗದವನ್ನು ನಾಲ್ಕೈದು ಸಲ ಓದಿದೆ.

ದೊಣಿ ಹಸನವಾಗಿದೆ, ಸರ್.

ನಮ್ಮ ಕಾಲೇಜಿನ ಪ್ರಾಚಿ ಎಂಬ ಹುಡುಗಿ ನಿಮ್ಮ ಕಾಗದದ ವಿಷಯ ಕೇಳಿ ಒಂದು ಪ್ರಶ್ನೆ ಹಾಕಿದಳು. ಎಲ್ಲಿಯೋ ಒಂದು ದೊಣಿಯ ಮಣ್ಣನ್ನು ಯಾರೋ ತೆಗೆದರು ಎಂದಿಟ್ಟುಕೊಳ್ಳಿ, ಬಂಡೆಯ ಬಿರುಕುಗಳಲ್ಲಿ ಉಳಿದ ತತ್ತಿಗಳಿಂದ ಮತ್ತೆ ವಂಶ ಬೆಳೆಯಬಹುದೇ ಎಂದು. ನನಗೆ ತಿಳಿಯಲಿಲ್ಲ. ನಿಮ್ಮನ್ನು ಕೇಳುತ್ತೇನೆ ಅಂದೆ. ಬಿಡುವಾದಾಗ ಬರೆಯಿರಿ, ಅವಸರವಿಲ್ಲ.

ಈ ತಿಂಗಳು ಬಾಗಲಕೋಟೆಗೆ ಬರಲಾಗುವುದಿಲ್ಲ. ಕರದಂಟು ಮನೆಯವರೆಲ್ಲ ಸೇರಿ ಮುಗಿಸಿದರು.

ಗೀತಾಂಜಲಿ


ನವನಗರ, ಬಾಗಲಕೋಟೆ
13 ಮೇ 2024

ಪ್ರಿಯ ಗೀತಾಂಜಲಿ,

ನಿನ್ನ ಪ್ರಾಚಿ ಜಾಣೆ. ಅವಳಿಗೆ ಹೇಳು: ಬಿರುಕುಗಳಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತವೆ. ಕಸಬರಿಗೆ ಎಲ್ಲ ಕಡೆ ಹೋಗುವುದಿಲ್ಲ. ನೀರಿಗೆ ಬೇರೆ ಏನನ್ನೂ ಬೆರೆಸಿರದಿದ್ದರೆ, ಹತ್ತಿಪ್ಪತ್ತು ವರ್ಷದಲ್ಲಿ ಮೊದಲಿನಂತೆ ಆದೀತು. ಅವಳು ನನ್ನ ವಯಸ್ಸಿನವಳಲ್ಲವಲ್ಲ, ನೋಡಬಹುದು.

ಈ ಮುಂದೆ ಒಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಲಕ್ಷ್ಯ ಕೊಡಬೇಡ.

ಅವಳಿಗೆ ಇನ್ನೂ ಏನಾದರೂ ಕೇಳುವುದಿದ್ದರೆ ಕೇಳಲಿ. ನನಗೆ ಬೇಕಾದಷ್ಟು ವೇಳೆ ಇದೆ. ಹೇಳುವುದಿದ್ದರೂ ಹೇಳಲಿ.

ವಿಠ್ಠಲ ಮಾಸ್ತರ


ಇಳಕಲ್ಲ
30 ಜೂನ್ 2024

ಮಾಸ್ತರರಿಗೆ,

ಪ್ರಾಚಿ ಎಂಬ ಹುಡುಗಿ ಇಲ್ಲ.

ಮೃಗಶಿರದ ಮಳೆ ಜೂನ್ ಎಂಟಕ್ಕೆ ಬಿತ್ತು. ಹತ್ತನೆಯ ತಾರೀಖು ಗುಡ್ಡ ಹತ್ತಿದೆ. ಹದಿನೈದಕ್ಕೆ ಮತ್ತೆ ಹೋದೆ. ನಿನ್ನೆ ಮೂರನೆಯ ಸಲ. ದೊಣಿ ತುಂಬಿದೆ. ನೀರು ಎಷ್ಟು ತಿಳಿ ಎಂದರೆ ತಳದ ಬಂಡೆಯ ಕೆಂಪು ಗೆರೆಗಳು ಕಾಣುತ್ತವೆ. ದಂಡೆಯ ಮೇಲೆ ಬೋರಲು ಮಲಗಿ ಎರಡು ತಾಸು ನೋಡಿದೆ. ಏನೂ ಈಸುತ್ತಿಲ್ಲ. ಮರೆವ್ವ ಅತ್ತಿ ನನ್ನ ಪಕ್ಕಕ್ಕೆ ಕೂತು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಳು. ಮಾರ್ಚಿಯಲ್ಲಿ ಅಂದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಮಣ್ಣು ತೆಗೆದದ್ದು ನಾನು. ನಲವತ್ತು ಹುಡುಗರು, ಸಲಿಕೆ, ಬುಟ್ಟಿ, ಕಸಬರಿಗೆ. ನೀವು ಹಸನ ಇಡಬೇಕು ಎಂದು ಬರೆದಿದ್ದಿರಿ. ಜೋಳ ಹಸನ ಮಾಡುವುದೆಂದರೆ ಕಲ್ಲು ಮಣ್ಣು ತೆಗೆಯುವುದು. ಹಸನ ಅಂದರೆ ನನಗೆ ಅದೇ ಕಂಡಿತು. ಬಾಳು ಹಸನಾಗಲಿ ಅನ್ನುವಾಗಲೂ ಅದೇ ಶಬ್ದ, ಆಗ ನಾವು ಏನನ್ನೂ ಗುಡಿಸುವುದಿಲ್ಲ. ಇದ್ದದ್ದು ಚೆನ್ನಾಗಿ ಇರಲಿ ಅನ್ನುತ್ತೇವೆ. ಇಪ್ಪತ್ತೆರಡು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಹೂಳೆತ್ತುವುದು ಪುಣ್ಯದ ಕೆಲಸ ಎಂಬ ಒಂದು ವಿಚಾರ ತಲೆಯಲ್ಲಿ ಕೂತಿತ್ತು, ಶಬ್ದದ ಇನ್ನೊಂದು ಅರ್ಥ ಒಳಗೆ ಬರಲು ಜಾಗವಿರಲಿಲ್ಲ.

ನಿಮ್ಮ ಏಪ್ರಿಲ್ ಕಾಗದ ಓದಿದ ದಿನವೇ ನನಗೆ ಎಲ್ಲ ತಿಳಿಯಿತು. ಬರೆಯಲು ಕೂತೆ. ನಿಮ್ಮ ಮುಖ ಕಣ್ಣ ಮುಂದೆ ಬಂತು, ಬರೆಯಲಿಲ್ಲ. ಮಳೆ ಬರಲಿ, ಬಿರುಕುಗಳಿಂದ ನಾಲ್ಕಾದರೂ ಹೊರಬರಲಿ, ಆಗ ತಪ್ಪನ್ನೂ ಸಮಾಧಾನವನ್ನೂ ಒಂದೇ ಕಾಗದದಲ್ಲಿ ಬರೆದರಾಯಿತು ಅಂದುಕೊಂಡೆ.

ತೆಗೆದ ಮಣ್ಣನ್ನು ದುರ್ಗಪ್ಪಮಾಮಾ ತನ್ನ ಹೊಲಕ್ಕೆಂದು ಇಳಿಸಿಕೊಂಡಿದ್ದ. ಎರಡು ತಿಂಗಳಿಗೂ ಹೆಚ್ಚು ಬೇವಿನ ಗಿಡದ ಕೆಳಗೆ ಹಾಗೇ ರಾಶಿ ಬಿದ್ದಿತ್ತು. ಜೂನ್ ಆರಕ್ಕೆ ಹೊಲಕ್ಕೆಲ್ಲ ಚೆಲ್ಲಿ, ಹರಗಿ, ಮಳೆ ಬಿದ್ದ ಮೇಲೆ ಹೆಸರು ಬಿತ್ತಿದ್ದಾನೆ. ನಿನ್ನೆ ಆ ಸಾಲುಗಳ ನಡುವೆ ನಿಂತಾಗ ಮೊದಲ ಸಲ ಹೊಳೆಯಿತು: ಆ ರಾಶಿಯನ್ನು ಮೇ ತಿಂಗಳಲ್ಲಿ ತಿರುಗಿ ಮೇಲೆ ಹೊರಿಸಬಹುದಾಗಿತ್ತು. ಅಷ್ಟೇ ಆಗಿತ್ತು ಮಾಡಬೇಕಾದದ್ದು. ನನಗೆ ಹೊಳೆಯಲಿಲ್ಲ. ನಿಮಗೆ ಹೇಳಿದ್ದರೆ ನಿಮಗೆ ಹೊಳೆಯುತ್ತಿತ್ತು.

ನಿಮ್ಮ,
ಗೀತಾಂಜಲಿ

ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಗುಡಿಸಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿದೆ. ಬಿರುಕುಗಳಿಗೂ ಹಾಕಿಸಿದೆ. ನೀರಿಗೆ ಬೇರೆ ಏನನ್ನೂ ಬೆರೆಸಿರದಿದ್ದರೆ ಎಂದು ನೀವು ಬರೆದದ್ದನ್ನು ಓದಿ ಅಂದು ರಾತ್ರಿ ಊಟ ಸೇರಲಿಲ್ಲ.


ನವನಗರ, ಬಾಗಲಕೋಟೆ
8 ಜುಲೈ 2024

ಗೀತಾ,

ನಾನು ಮಾರ್ಚಿ ಕೊನೆಗೇ ತಿಳಿದಿದ್ದೆ.

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೋ ಬಂದಿತ್ತು. ತಲೆಗೆ ಟೊಪ್ಪಿಗೆ ಹಾಕಿದ ಹುಡುಗರು, ಬುಟ್ಟಿಗಳ ಸಾಲು, ನಡುವೆ ನೀನು. ತುಳಸೀಬಾಯಿ ಅದನ್ನು ನನ್ನ ಮುಂದೆ ಹಿಡಿದು ಬೆರಳಿಟ್ಟು ತೋರಿಸಿದಳು. ಅವಳ ತುಟಿ ನನಗೆ ಓದಲು ಬರುತ್ತದೆ. "ನಿನ್ನ ದೊಣಿ ಎಷ್ಟು ಛಂದ ಆಗ್ಯದ ನೋಡು" ಅಂದಳು.

ಆ ಸಿಟ್ಟಿನಲ್ಲೇ ನಿನಗೆ ಪಾಠ ಬರೆದದ್ದು. ನೀನು ಅದನ್ನು ಓದಿ, ನೊಂದು, ಮರುದಿನವೇ ಬಸ್ಸು ಹತ್ತಿ ಬರುತ್ತೀ ಎಂದು ಕಾದೆ. ನೀನು ಬರಲಿಲ್ಲ. ಪ್ರಾಚಿಯನ್ನು ಕಳಿಸಿದೆ. ಸಾಲೆಯಲ್ಲಿ ತಪ್ಪು ಮಾಡಿದ ಮಕ್ಕಳು ತಾವಾಗಿ ಎದ್ದು ನಿಲ್ಲುವ ತನಕ ನಾನು ಸುಮ್ಮನೆ ಕೂರುತ್ತಿದ್ದೆ, ನೆನಪಿದೆಯೇ? ಅದೊಂದು ದೊಡ್ಡ ವಿದ್ಯೆ ಎಂದು ನನಗೆ ಜಂಬವಿತ್ತು. ನಲವತ್ತೆಂಟು ವರ್ಷದ ನಿನ್ನ ಮೇಲೂ ಅದನ್ನೇ ಹೂಡಿದೆ.

ಮೇ ಕಾಗದದಲ್ಲಿ ಹೊಡೆದು ಹಾಕಿದ ಸಾಲು ಇದು: "ತೆಗೆದ ಮಣ್ಣು ಇನ್ನೂ ಎಲ್ಲಾದರೂ ರಾಶಿಯಾಗಿ ಬಿದ್ದಿದ್ದರೆ, ಮಳೆಗೆ ಮೊದಲು ತಿರುಗಿ ದೊಣಿಗೆ ಹಾಕಿಸು."

ಬರೆದ ಮೇಲೆ, ನನಗೆ ಗೊತ್ತೆಂಬುದು ಇದರಿಂದ ನಿನಗೆ ತಿಳಿದುಹೋಗುತ್ತದೆ ಅನ್ನಿಸಿತು. ನೀನು ಮೊದಲು ಹೇಳಬೇಕು ಎಂಬ ಹಟ. ಶಾಯಿಯಿಂದ ಮೂರು ಸಲ ಗೀಚಿದೆ, ಬೆಳಕಿಗೆ ಹಿಡಿದರೂ ಕಾಣಬಾರದು ಎಂದು. ಅಂದು ರಾಶಿ ಬೇವಿನ ಕೆಳಗೆ ಇತ್ತು. ಇನ್ನೂ ಇಪ್ಪತ್ತನಾಲ್ಕು ದಿನ ಇತ್ತು.

ಬ್ಲೀಚಿಂಗ್ ವಿಷಯ ನನಗೆ ಗೊತ್ತಿರಲಿಲ್ಲ. ಬಿರುಕುಗಳ ತತ್ತಿಗಳಿಗೆ ಅದು ಏನು ಮಾಡಿದೆ ಎಂದು ಖಚಿತವಾಗಿ ಹೇಳಲಾರೆ. ಒಳ್ಳೆಯದನ್ನಂತೂ ಮಾಡಿರದು.

ಒಂದು ಶಬ್ದದ ತಪ್ಪು ಎಂದು ನಿನ್ನನ್ನು ನೀನೇ ಹಳಿದುಕೊಳ್ಳಬೇಡ. ಮೂವತ್ತು ವರ್ಷ ಆ ಮಣ್ಣಿನ ಗುಟ್ಟನ್ನು ಯಾರಿಗೂ ಹೇಳದೆ ಇಟ್ಟವನು ನಾನು. ಹೇಳಿದರೆ ಹುಡುಗರು ಬಗೆದು ನೋಡುತ್ತಾರೆ ಎಂದು ಮಳೆಯ ಜೊತೆ ಬರುತ್ತವೆ ಎಂಬ ಕತೆ ಕಟ್ಟಿದೆ. ಊರಲ್ಲಿ ನಾಲ್ಕು ಜನಕ್ಕೆ ನಿಜ ತಿಳಿದಿದ್ದರೆ ನಿನ್ನ ಕೈಯಿಂದ ಸಲಿಕೆ ಕಸಿಯುತ್ತಿದ್ದರು. ತಿಳಿಸಬೇಕಾದವನು ಜಾಣತನ ಮಾಡಿದೆ.

ವಿಠ್ಠಲ


ನವನಗರ, ಬಾಗಲಕೋಟೆ
19 ಆಗಸ್ಟ್ 2024

ಗೀತಾ,

ಆರು ವಾರವಾಯಿತು. ಅಂಚೆಯವನು ಈ ಸಾಲಿನಲ್ಲಿ ಹಾದು ಹೋಗುವಾಗ ನಾನು ಕಟ್ಟೆಯ ಮೇಲೆ ಕೂತಿರುತ್ತೇನೆ. ಅವನು ಈಗ ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಾನೆ.

ನಿನಗೆ ಸಿಟ್ಟು ಬಂದಿರಬೇಕು. ಬರಬೇಕಾದದ್ದೇ. ಸಿಟ್ಟಿನದೇ ಒಂದು ಕಾಗದ ಬರೆ, ಅದನ್ನೂ ಓದುತ್ತೇನೆ.

ವಿಠ್ಠಲ


ನವನಗರ, ಬಾಗಲಕೋಟೆ
21 ಸೆಪ್ಟೆಂಬರ್ 2024

ಗೀತಾ,

ಮೊನ್ನೆ ಬುಧವಾರ ನಿನ್ನ ಜೊತೆ ಇಡೀ ದಿನ ಇದ್ದೂ ನಾನು ಹೆಚ್ಚು ಮಾತಾಡಲಿಲ್ಲ. ನನ್ನ ದನಿ ನನಗೇ ಕೇಳದ ಮೇಲೆ, ನಾಲ್ಕು ಜನರ ನಡುವೆ ಅದು ಜೋರಾಯಿತೋ ಮೆತ್ತಗಾಯಿತೋ ತಿಳಿಯುವುದಿಲ್ಲ. ಹೊಲದಲ್ಲಿ ಹೇಳಬೇಕೆಂದಿದ್ದನ್ನು ಈಗ ಬರೆಯುತ್ತೇನೆ.

ನೀನು ಬಾಗಿಲಲ್ಲಿ ನಿಂತಾಗ ನಾನು ಹೆದರಿದೆ. ಜುಲೈಯಿಂದ ಉತ್ತರ ಬರೆಯದವಳು ನೇರ ಎದುರಿಗೇ ಬಂದಿದ್ದಾಳೆ, ಇನ್ನು ಬೈಸಿಕೊಳ್ಳಬೇಕು ಅಂದುಕೊಂಡೆ. ನೀನು ಪರ್ಸಿನಿಂದ ಬಸ್ಸಿನ ಟಿಕೀಟು ತೆಗೆದು ಅದರ ಬೆನ್ನಿಗೆ ಬರೆದೆ: "ಬಂದಾವ. ಮಾಮಾನ ಹೊಲದಾಗ." ತುಳಸೀಬಾಯಿ ನನ್ನ ಚಪ್ಪಲಿ ಹುಡುಕುವಷ್ಟರಲ್ಲಿ ನಾನು ಬರಿಗಾಲಲ್ಲಿ ಪಕ್ಕದ ಮನೆಯ ಇಮಾಮಹುಸೇನನ ಕಾರಿನಲ್ಲಿ ಕೂತಿದ್ದೆ.

ದುರ್ಗಪ್ಪ ಕೌದಿ ಮಡಚಿ ಒಡ್ಡಿನ ಮೇಲೆ ಹಾಸಿದ್ದ. ಹೆಸರು ಕಿತ್ತ ಹೊಲ, ಮೂಲೆಯಲ್ಲಿ ಆರು ದಿನದ ಮಳೆನೀರು ಒಂದು ಗೇಣು ನಿಂತಿತ್ತು. ಭೂತಗನ್ನಡಿ ಹಿಡಿದು ಬಗ್ಗಿದೆ. ಬೆನ್ನು ಕೆಳಗೆ, ಕಾಲು ಮೇಲೆ, ಆ ಸಣ್ಣ ಕಾಲುಗಳೆಲ್ಲ ಗಾಳಿಗೆ ಜೋಳದ ಗರಿ ಆಡಿದ ಹಾಗೆ ಒಂದರ ಹಿಂದೊಂದು ಆಡುತ್ತಿದ್ದವು. ನಾಲ್ಕು ವರ್ಷದ ಮೇಲೆ ಕಂಡೆ. ಇನ್ನು ಗುಡ್ಡ ನನಗಿಲ್ಲ ಎಂದು ಬಿಟ್ಟಿದ್ದೆ, ಅವು ಸಮತಟ್ಟು ನೆಲಕ್ಕೆ ಇಳಿದು ಬಂದಿದ್ದವು. ನಾನು ನಕ್ಕದ್ದನ್ನು ನೀನು ನೋಡಿದೆ. ಆ ಗಳಿಗೆಯಲ್ಲಿ ನನಗೆ, ನಿನ್ನ ತಪ್ಪು ಆದದ್ದೇ ಒಳ್ಳೆಯದಾಯಿತು ಅನ್ನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆಮೇಲೆ ಒಂದೊಂದಾಗಿ ಹೆಣ್ಣುಗಳನ್ನು ಹುಡುಕಿದೆ. ಒಂದಕ್ಕೂ ತತ್ತಿಯ ಚೀಲ ಮೂಡಿರಲಿಲ್ಲ. ಇನ್ನೂ ಐದು ದಿನ ಬೇಕಿತ್ತು. ನೀರು ಇನ್ನು ಎರಡು ದಿನಕ್ಕೆ ಸಾಲುವಷ್ಟೇ ಇತ್ತು. ದುರ್ಗಪ್ಪ ಬೋರಿನ ನೀರು ಬಿಡಲು ಮುಂದಾದ. ಅವನು ಪೈಪು ಎಳೆದದ್ದು, ನೀರು ಬಿಟ್ಟದ್ದು, ಆ ಮರಳುಮಣ್ಣು ಅದನ್ನು ಬಿಟ್ಟಂತೆಲ್ಲ ಕುಡಿದದ್ದು, ಎಲ್ಲ ನೋಡಿದೆವು. ಮರೆವ್ವ ಯಾರನ್ನೂ ಕೇಳದೆ ಕೊಡ ತಂದು ನೀರಿಗಿಳಿದಳು. ನೀವಿಬ್ಬರೂ ತುಂಬಿದ ಕೊಡ ಹೊತ್ತು ಗುಡ್ಡ ಹತ್ತುವುದನ್ನು ಒಡ್ಡಿನ ಮೇಲೆ ಕೂತು ನೋಡಿದೆ, ಬಂಡೆಯ ತಿರುವಿನಲ್ಲಿ ಮರೆಯಾಗುವ ತನಕ.

ಆ ಹೊಲದ ತುಂಬ ಇನ್ನೂ ತತ್ತಿಗಳಿವೆ, ಗೀತಾ. ಸಾಲು ಸಾಲಿನಲ್ಲಿ ಕಾಯುತ್ತಿವೆ. ಪ್ರತಿ ದೊಡ್ಡ ಮಳೆಗೆ ಒಂದಿಷ್ಟು ಒಡೆಯುತ್ತವೆ, ಬೆಳೆಯುವ ಮೊದಲು ನೀರು ಇಂಗುತ್ತದೆ. ಎಷ್ಟು ವರ್ಷ ಕಾಯಬೇಕೆಂಬುದು ಅವಕ್ಕೆ ಗೊತ್ತು. ತಾವು ಎಲ್ಲಿದ್ದೇವೆಂಬುದು ಗೊತ್ತಿಲ್ಲ.

ಆ ಮಣ್ಣನ್ನು ಮೇಲೆ ಹೊರಿಸಬೇಡ. ಅದರಲ್ಲಿ ಈಗ ಚೀಲದ ಸರಕಾರಿ ಗೊಬ್ಬರ ಬೆರೆತಿದೆ, ಕಸ ಸಾಯಲೆಂದು ಹೊಡೆದ ವಿಷದ ಎಣ್ಣೆ ಬೆರೆತಿದೆ. ಬೇರೆ ದೊಣಿಯಿಂದಲೂ ತರಬೇಡ. ಅಲ್ಲಿಯದನ್ನು ಕೆಡಿಸಿ ಇಲ್ಲಿ ಕಟ್ಟುವುದು ಬೇಡ. ಕೊಡದಲ್ಲಿ ಒಯ್ದವುಗಳ ಗತಿ ಏನಾಯಿತು ಎಂದು ಮಾತ್ರ ಬರೆ. ಏನಾಗಿದ್ದರೂ ಬರೆ.

ವಿಠ್ಠಲ


ಇಳಕಲ್ಲ
26 ಮಾರ್ಚ್ 2025

ಮಾಸ್ತರರಿಗೆ ನಮಸ್ಕಾರ,

ನವೆಂಬರಿನಲ್ಲಿ ಮನೆಗೆ ಬಂದಾಗ ಅರ್ಧ ಹೇಳಿದ್ದೆ, ನಿಮ್ಮ ವಹಿಯ ಮೇಲೆ ಗೀಚಿ ಗೀಚಿ. ಪೂರ್ತಿ ಬರೆಯಬೇಕೆಂದು ಇಷ್ಟು ದಿನ ಇಟ್ಟುಕೊಂಡೆ.

ಕೊಡದಲ್ಲಿ ಎಷ್ಟಿದ್ದವೆಂದು ಎಣಿಸಲಿಲ್ಲ. ದಾರಿಯಲ್ಲಿ ಅತ್ತಿ ಎರಡು ಸಲ ನಿಂತು ಒಳಗೆ ಇಣುಕಿ, "ಸುಮ್ನಿರ್ರೆವಾ, ಬಂತು ನಿಮ್ಮ ಮನಿ" ಅಂದಳು. ದೊಣಿಗೆ ಬಿಟ್ಟ ದಿನ ಅಲ್ಲಲ್ಲಿ ಕಂಡವು. ಐದನೆಯ ದಿನ ನಾಲ್ಕು ಕಂಡವು. ಏಳನೆಯ ದಿನ ಒಂದೇ, ಅದರ ಹೊಟ್ಟೆಯ ಕೆಳಗೆ ಏನೋ ಕಪ್ಪಗೆ ಇತ್ತು. ತತ್ತಿಯ ಚೀಲವೋ, ನನ್ನ ಆಸೆಯೋ, ಹೇಳಲಾರೆ. ನನ್ನ ಹತ್ತಿರ ಭೂತಗನ್ನಡಿ ಇರಲಿಲ್ಲ. ಮರುದಿನ ಕಾಲೇಜಿತ್ತು, ಇಳಕಲ್ಲಿಗೆ ಬಂದೆ. ಆಮೇಲೆ ಅತ್ತಿಗೂ ಕಾಣಲಿಲ್ಲವಂತೆ. ಇಟ್ಟಿದ್ದರೂ ಬರಿ ಬಂಡೆಯ ಮೇಲೆ ಇಟ್ಟಿರಬೇಕು. ದೊಣಿ ಬತ್ತಿದ ಮೇಲೆ ಬೀಸಿದ ಗಾಳಿಗೆ ಉಳಿದವೋ ಹಾರಿದವೋ.

ಕಳೆದ ವಾರ ಕಾಲೇಜಿನಲ್ಲಿ ಸಭೆ ಇತ್ತು. ಹೋದ ವರ್ಷದ ದೊಣಿ ಸ್ವಚ್ಛತೆಗೆ ಒಳ್ಳೆಯ ಹೆಸರು ಬಂದದ್ದರಿಂದ ಈ ಸಲವೂ ಅದನ್ನೇ, ಪಕ್ಕದ ಗುಡ್ಡದ ಮೂರು ದೊಣಿಗಳನ್ನೂ ಸೇರಿಸಿ ಮಾಡೋಣ ಎಂದು ಪ್ರಾಚಾರ್ಯರು ಹೇಳಿದರು. ಬ್ಯಾನರು ಬರೆಸಲು ನನಗೇ ವಹಿಸಿದರು. ನಾನು ಎದ್ದು ನಿಂತೆ. ಹೋದ ವರ್ಷ ನಾನು ಒಂದು ಜೀವದ ಸಂತತಿಯನ್ನೇ ಗುಡಿಸಿ ತೆಗೆದೆ, ಅದಕ್ಕೆ ಪ್ರಶಸ್ತಿಪತ್ರವನ್ನೂ ತೆಗೆದುಕೊಂಡೆ ಎಂದು ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ತತ್ತಿಗಳ ವಿಷಯ ನಿಮ್ಮ ಏಪ್ರಿಲ್ ಕಾಗದದಿಂದಲೇ ಓದಿ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ, ಇಷ್ಟೆಲ್ಲ ಒಂದು ಹುಳಕ್ಕೇನು ಅಂದರು. ಕೆಲವರು ನಕ್ಕರು. ರಸಾಯನಶಾಸ್ತ್ರದ ಅನಿಲಕುಮಾರ ನಗಲಿಲ್ಲ. "ಬ್ಲೀಚಿಂಗ್ ಪುಡಿ ತೂಗಿ ಕೊಟ್ಟಾಂವ ನಾ, ಮೇಡಂ. ನೀವೊಬ್ರ ಯಾಕ ತಲಿಮ್ಯಾಲ ಹಾಕ್ಕೋತೀರಿ" ಅಂದರು. ಪ್ರಾಚಾರ್ಯರು ಬ್ಯಾನರಿನ ಮಾತು ಬಿಟ್ಟು ಮುಂದಿನ ವಿಷಯಕ್ಕೆ ಹೋದರು. ಮೂರು ದೊಣಿಗಳು ಈ ವರ್ಷಕ್ಕೆ ಉಳಿದವು. ಮುಂದಿನ ವರ್ಷ ಮತ್ತೆ ಎದ್ದು ನಿಲ್ಲಬೇಕಾದೀತು.

ಭಾನುವಾರ ಒಬ್ಬಳೇ ಗುಡ್ಡ ಹತ್ತಿದೆ. ದೊಣಿ ಒಣಗಿದೆ. ಹೊರಗೆ ನಿಂತು ನೋಡಿದರೆ ಬರಿ ಬಂಡೆ. ಹತ್ತಿರ ಕೂತು ನೋಡಿದಾಗ ತಳದ ಮೇಲೆ ತೆಳ್ಳಗೆ ಧೂಳು ಕಂಡಿತು, ಮುಚ್ಚಿದ ಮನೆಯ ಕಿಟಕಿಯ ಮೇಲೆ ಕೂತಿರುವಷ್ಟು. ಒಂದು ವರ್ಷಕ್ಕೆ ಗಾಳಿ ತಂದದ್ದು ಅಷ್ಟು. ಒಂದು ಗೇಣಾಗಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಲು ಹೋಗಲಿಲ್ಲ. ಆಡುಗಳ ಗೊರಸಿನ ಗುರುತು ನಾಲ್ಕಾರು ಕಡೆ ಇತ್ತು.

ಒಂದು ಚಿಟಿಕೆ ತಂದು ನೀರಿಗೆ ಹಾಕಿ ನೋಡಿದರೆ, ಆ ಏಳನೆಯ ದಿನದ ಕಪ್ಪು ಏನಾಗಿತ್ತೆಂದು ನಿಮಗೂ ನನಗೂ ತಿಳಿಯುತ್ತಿತ್ತು. ಕಾಗದದ ಚೂರು ಮಡಚಿ ಕೈಯಲ್ಲಿ ಹಿಡಿದೇ ಹೋಗಿದ್ದೆ. ಬಹಳ ಹೊತ್ತು ಕೂತೆ. ಬಿಸಿಲು ಏರಿತು. ಅಷ್ಟೇ ಅಷ್ಟು ಧೂಳು, ಅದರಲ್ಲೂ ಒಂದು ಚಿಟಿಕೆ.

ತೆಗೆಯಲಿಲ್ಲ, ಸರ್. ಬೆರಳು ಕೂಡ ತಾಗಿಸಲಿಲ್ಲ.

ನಿಮ್ಮ,
ಗೀತಾಂಜಲಿ